ಬ್ರೀಡಮ್ಮನ ಹತ್ತು ಹಸುವಿನ ಗುಡ್ಡ

ಕೂತ್ಕೊಳ್ರಪ್ಪ. ಕಾಲು ಚಾಚೋರು ಹಿಂದಕ್ಕೆ ಹೋಗಿ. ಈ ಕಥೆ ನಮ್ಮ ಸೀಮೆದಲ್ಲ. ಪಡುವಣ ಸಮುದ್ರ ದಾಟಿ, ಅದರಾಚೆ ಇನ್ನೊಂದು ಸಮುದ್ರ ದಾಟಿದ್ರೆ ಒಂದು ದ್ವೀಪ. ಐರ್ಲೆಂಡ್ ಅಂತಾರೆ. ನಾನು ನೋಡಿಲ್ಲ, ನೀವೂ ನೋಡಿಲ್ಲ, ಹಂಗಾಗಿ ಜಗಳ ಬೇಡ.

ಆ ದ್ವೀಪಾನ ಹಿಂದಿನೋರು ದೊಡ್ಡ ದೊಡ್ಡ ಪಾಲು ಮಾಡಿದ್ರು. ಒಂದೊಂದು ಪಾಲಿಗೂ 'ಐದನೇ ಒಂದು' ಅಂತ ಹೆಸರು. ಎಣಿಸಿದ್ರೆ ಇರೋದು ನಾಲ್ಕೇ. ಐದನೇದು ಎಲ್ಲೋಯ್ತು? ಅವರೂ ಹುಡುಕ್ತಾನೇ ಇದಾರೆ. ಪಾಲು ಒಡೆದು ಸೀಮೆ ಮಾಡಿದ್ರು, ಸೀಮೆ ಒಡೆದು ತುಂಡು ಮಾಡಿದ್ರು. ತುಂಡನ್ನ ಹೆಂಗೆ ಅಳೀತಿದ್ರು? ಹಗ್ಗ ಹಿಡೀಲಿಲ್ಲ, ಕೋಲು ಹಿಡೀಲಿಲ್ಲ. ಎಷ್ಟು ಹಸು ಮೇಯ್ತವೆ ಅಂತ ನೋಡ್ತಿದ್ರು, ಅಷ್ಟೇ. ಹತ್ತು ಹಸು ಮೇಯೋ ಜಾಗ ಒಂದು ತುಂಡು. ಹೊಳೆದಂಡೇಲಿ ಹುಲ್ಲು ಸೊಂಪು, ಅಲ್ಲಿ ತುಂಡು ಚಿಕ್ಕದು. ಗುಡ್ಡದ ಮೇಲೆ ಬರೀ ಬಂಡೆ, ಅಲ್ಲಿ ತುಂಡು ದೊಡ್ಡದು. ಹಸುಗೆ ಬೇಕಾಗಿರೋದು ಹುಲ್ಲು ತಾನೆ?

ಅಂಥ ಒಂದು ಗುಡ್ಡದ ಮೇಲೆ ಬ್ರೀಡ ಅಂತ ಒಬ್ಬಳು ಮುದುಕಿ ಇದ್ದಳು, ಗಂಡ ಸತ್ತೋಳು. ನಾವಾದ್ರೆ ಬ್ರೀಡಮ್ಮ ಅಂತೀವಿ. ಹತ್ತು ಹಸು, ಎರಡು ನೋಯೋ ಮಂಡಿ, ಒಂದು ನಾಲಿಗೆ. ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ.

ಹಿಂಗಿರುವಾಗ ಸಮುದ್ರದಾಚೆಯಿಂದ ಹಂಫ್ರಿ ಅನ್ನೋ ಹೊಸ ದೊರೆ ಬಂದ. ಆ ಸೀಮೆಯೆಲ್ಲ ಅವನಿಗೆ ಯಾರೋ ಇನಾಮು ಕೊಟ್ಟಿದ್ರು. ಕೊಟ್ಟೋರದ್ದೂ ಅಲ್ಲ ಅದು, ಇರಲಿ. ದೊರೆಗೆ ಕೆಸರು ಅಂದ್ರೆ ಆಗಲ್ಲ, ಬಂಗಲೆ ಬಿಟ್ಟು ಹೊರಗೆ ಕಾಲಿಡಲ್ಲ. "ನನ್ನ ನೆಲ ಕಾಗದದ ಮೇಲೆ ನನ್ನ ಹತ್ರ ಬರಲಿ" ಅಂದ. ಅವನ ಅಳತೆಗಾರ ಸರಪಳಿ ಹೊತ್ಕೊಂಡು ಗುಡ್ಡ ಹತ್ತಿದ.

"ಅಜ್ಜಿ, ನಿನ್ನ ನೆಲ ಎಷ್ಟು?"

"ಹತ್ತು ಹಸು."

"ಅದಲ್ಲ, ಉದ್ದ ಎಷ್ಟು?"

"ಹತ್ತು ಹಸು."

"ಅಗಲ?"

"ಅದೇ ಹತ್ತು ಹಸು ಕಣಪ್ಪ. ಉದ್ದಕ್ಕೆ ಬೇರೆ, ಅಗಲಕ್ಕೆ ಬೇರೆ ಸಾಕಕ್ಕಾಗುತ್ತಾ?"

ಅವನು ಸರಪಳಿ ಎಳೆದ, ನಕ್ಷೆ ಬರೆದ. ಬ್ರೀಡಮ್ಮನ ತುಂಡು ಹೊಳೆದಂಡೆ ತುಂಡಿನ ನಾಲ್ಕರಷ್ಟು ಬಂತು. ದೊರೆಗೆ ಹೊಟ್ಟೆ ಉರಿದುಹೋಯ್ತು.

"ಆ ಮುದುಕಿಗೆ ಇಷ್ಟು ನೆಲ ಯಾಕೆ? ಎಲ್ಲರ ತುಂಡೂ ಸಮ ಇರಬೇಕು. ಮುಕ್ಕಾಲು ಪಾಲು ಕಿತ್ಕೊಳ್ಳಿ."

ಕೇಳಿದ್ರಾ? ಕಾಲು ಗುಡ್ಡದಲ್ಲಿ ಎಷ್ಟು ಹಸು ಮೇಯ್ತವೆ? ಎರಡೂವರೆ. ಆ ಅರ್ಧ ಹಸುವಿನ ಹಾಲು ಯಾವ ಕಡೆಯಿಂದ ಕರೆಯೋದು? ಮಿಕ್ಕಿದ್ದವು ಬ್ರೀಡಮ್ಮನ ಕಣ್ಣೆದುರೇ ಹಸಿದು ಸಾಯಬೇಕು. ಅವಳು ಒಂದೊಂದು ಹಸುವಿನ ಕೊರಳೂ ತಬ್ಬಿ ಅತ್ತಳು. ಹತ್ತನೇ ಹಸು ಹತ್ರ ಬರೋ ಹೊತ್ತಿಗೆ ಅಳು ನಿಂತಿತು, ತಲೆ ಓಡಿತು. ನೆಟ್ಟಗೆ ಬಂಗಲೆಗೆ ಹೋದಳು.

"ಬುದ್ಧಿ, ಮುಕ್ಕಾಲು ಯಾಕೆ? ಇಡೀ ಗುಡ್ಡ ತಗೊಳ್ಳಿ. ಹೊಳೆದಂಡೇಲಿ ನಿಮ್ಮದೊಂದು ಚಿಕ್ಕ ತುಂಡು ಖಾಲಿ ಬಿದ್ದಿದೆಯಲ್ಲ, ನನಗೆ ಅದು ಸಾಕು. ಮಂಡಿ ನೋವು, ಗುಡ್ಡ ಹತ್ತಕ್ಕಾಗಲ್ಲ."

ದೊರೆ ನಕ್ಷೆ ನೋಡಿದ. ಅಳತೆಗಾರನ ಮುಖ ನೋಡಿದ. ಮತ್ತೆ ನಕ್ಷೆ ನೋಡಿದ. ಒಂದು ಕೊಟ್ರೆ ನಾಲ್ಕು ಬರುತ್ತೆ. ಮುದುಕಿ ಎಲ್ಲಿ ಮನಸ್ಸು ಬದಲಾಯಿಸ್ತಾಳೋ ಅಂತ, ಶಾಯಿ ಒಣಗೋ ಮುಂಚೆ ಮೊಹರು ಒತ್ತಿದ. ನೆಲ ನಾಲ್ಕರಷ್ಟು ಅಲ್ವಾ? ನಲವತ್ತು ಹಸು ತರಿಸಿ ಗುಡ್ಡಕ್ಕೆ ಅಟ್ಟಿದ.

ತಿಂಗಳಾಗಲಿಲ್ಲ, ನಲವತ್ತೂ ಬಂಡೆ ನೆಕ್ಕಿ ನೆಕ್ಕಿ ಬೇಸತ್ತು ಗುಡ್ಡ ಇಳಿದು ಬಂದ್ವು. ಹೊಳೆದಂಡೇಲಿ ಬ್ರೀಡಮ್ಮನ ಹೊಸ ತುಂಡಿನ ಗೋಡೆಗೆ ಮೂತಿ ಒತ್ತಿ ಅಂಬಾ ಅಂದ್ವು. ಅವುಗಳ ಹಿಂದೆ ದೊರೆ. ಮೊಣಕಾಲಿನವರೆಗೂ ಕೆಸರು.

"ಏಯ್ ಮುದುಕಿ, ನನಗೆ ಮೋಸ ಮಾಡಿದೆ. ನಿನ್ನ ಈ ತುಂಡು ಎಷ್ಟು?"

"ಹತ್ತು ಹಸು, ಬುದ್ಧಿ."

"ಆ ಗುಡ್ಡ?"

"ಅದೂ ಹತ್ತೇ. ನೀವು ಹೇಳಿದಂಗೇ, ಸಮಕ್ಕೆ ಸಮ. ಮೂವತ್ತು ಹಸು ಜಾಸ್ತಿ ತಂದಿದ್ದೀರಿ. ಅವನ್ನ ಆ ಕಾಗದದ ಮೇಲೆ ಮೇಯಿಸಿ."

ಹಸು ಹುಲ್ಲಿಗೆ, ದೊರೆ ಬಚ್ಚಲಿಗೆ, ಕಥೆ ನಿಮ್ಮ ಮಡಿಲಿಗೆ. ನಾನು ಊಟಕ್ಕೆ.