ಅತ್ತೆಯ ನೀರು ಕುಡಿದ ಕಾರು

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅತ್ತೆ, ಅಳಿಯ ಕುಳಿತಿದ್ದರು. ಅಳಿಯನ ತೊಡೆಯ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿದ ಗಂಟೊಂದು ಕೂಸಿನಂತೆ ಮಲಗಿತ್ತು. ಅತ್ತೆ ಗಂಟಿನ ಮೇಲಿನ ಸೆರಗು ಸರಿಸಿ ನೋಡಿದರು. ಒಳಗಿದ್ದದ್ದು ಕಾರಿನ ರೇಡಿಯೇಟರ್.

"ಇಷ್ಟ ಸಣ್ಣದೇನ್ರಿ, ಜಿನ್ನಪ್ಪಾರ?"

"ನಮ್ಮ ಕಾರೂ ಸಣ್ಣದ ಐತಲ್ರಿ ಅತ್ತಿ. ಮೊದಲಿಂದು ಇಂಜಿನ್ ಬಾಜೂಕ ಮೂಲ್ಯಾಗ ಇತ್ತು, ಗಾಳೀನ ಸಿಗತಿದ್ದಿಲ್ಲ. ಇದನ್ನ ಮುಂದ, ಜಾಳಿಗಿ ಹಿಂದ ಕೂಡಸ್ತೀನಿ."

"ಹೋದ ಸಲ ಸ್ತವನಿಧಿ ಘಾಟಿನ್ಯಾಗ ನಿಮ್ಮ ಕಾರು ಹಾಲ ಉಕ್ಕಿದಂಗ ಉಕ್ಕಿತ್ತು. ಸೋಸಿ, ಕಾಸಿ ತಂದ ನನ್ನ ನೀರೆಲ್ಲಾ ಅದಕ್ಕ ಕುಡಿಸಿದ್ರಿ."

"ಗಡಿಬಿಡ್ಯಾಗ ಯಾವ ಕ್ಯಾನ್ ಅಂತ ನೋಡ್ಲಿಲ್ರಿ. ಮನಿ ಮುಟ್ಟೂದ್ರಾಗ ಹೊತ್ತ ಮುಣುಗಿತ್ತು. ಹೊತ್ತ ಮುಣುಗಿದ ಮ್ಯಾಲ ನೀವು ನೀರೂ ಮುಟ್ಟಾಂಗಿಲ್ಲ. ಬಾಯಿ ಒಣಗಿಸ್ಕೊಂಡ ಮಲಗಿದ್ರಿ."

"ನೀವೂ ಉಣಲಿಲ್ಲಂತ ಮಗಳು ಹೇಳಿದಳು."

ಅಳಿಯ ಸೆರಗನ್ನು ಮತ್ತೆ ರೇಡಿಯೇಟರ್ ಮೇಲೆ ಹೊದಿಸಿದ.

"ಆವತ್ತಿಂದ ನೀವು ನನ್ನ ಕಾರ್ ಹತ್ತಿಲ್ಲ. ಬರೂ ಅಮಾಸಿಗೆ ಸ್ತವನಿಧಿ ಬಸದಿಗೆ ಬರ್ತೀರೇನ್ರಿ?"

"ಇದಕ್ಕ ಬಾವಿ ನೀರ ಹಂಗ ಸುರವಬ್ಯಾಡ್ರಿ. ಸೋಸಿ ಹಾಕ್ರಿ. ಸೋಸದ ನೀರಿನ್ಯಾಗ ಸಣ್ಣ ಜೀವ ಇರ್ತಾವ, ಇದರಾಗ ಕುದ್ದ ಸಾಯ್ತಾವ."

"ಸೋಸಿ ಹಾಕ್ತೀನ್ರಿ. ಬರ್ತೀರಿಲ್ಲೋ ಹೇಳ್ರಿ."

ಅತ್ತೆ ಉತ್ತರ ಕೊಡುವಷ್ಟರಲ್ಲಿ ನಿಪ್ಪಾಣಿ ಬಂತು. ಅಳಿಯ ಮೊದಲು ಇಳಿದು, ಗಂಟನ್ನು ಎಡಗೈಗೆ ಬದಲಿಸಿ, ಬಲಗೈ ಚಾಚಿದ. ಅತ್ತೆ ಅದನ್ನು ಹಿಡಿದು ಮೆಟ್ಟಿಲಿಳಿಯುತ್ತಾ ಹೇಳಿದರು:

"ಈ ಸಲ ನನ್ನನ್ನ ಹಿಂದಿನ ಸೀಟಿನ್ಯಾಗ ಕೂಡಸಬ್ಯಾಡ್ರಿ. ಮುಂದ ಅದಕ್ಕ ಬಡಿಯೂ ಗಾಳಿ ನನಗೂ ಬಡೀಲಿ."