ಇಪ್ಪತ್ತೊಂದನೇ ದಿನದ ಚರ್ಮ

ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದ ದರ್ಜಿಯ ಕಿವಿ, ಬೇಡವೆಂದರೂ, ಪಕ್ಕದ ಇಬ್ಬರತ್ತ ಹೊರಳಿತು. ಒಬ್ಬಳು ಪ್ರಯೋಗಾಲಯದ ಬಿಳಿ ಕೋಟಿನ ಹೆಂಗಸು. ಇನ್ನೊಬ್ಬ ಗಡ್ಡ ಬಿಟ್ಟ ಮುದುಕ.

“ನನ್ನ ಮಗಳ ಸುಟ್ಟಗಾಯಕ್ಕೆ ಹಾಕೋಕೆ ಅವಳದೇ ಚರ್ಮ ಬೆಳೆಸ್ತಿದ್ರಲ್ಲಮ್ಮ, ಏನಾಯ್ತು?”

“ನಿನ್ನೆ ತಯಾರಾಯ್ತು ಯಜಮಾನ್ರೇ.”

“ಅವಳು ಮೊನ್ನೆನೇ ಹೋದ್ಲು.”

“ಗೊತ್ತು. ಇಪ್ಪತ್ತೊಂದು ದಿನ ಬೇಕೇ ಬೇಕು ಅದಕ್ಕೆ. ಅವಸರ ಮಾಡಿದ್ರೆ ಹರಿದುಹೋಗುತ್ತೆ.”

“ಬೇರೆ ಯಾರಿಗಾದ್ರೂ ಹಾಕಿ, ಪುಣ್ಯ ಬರುತ್ತೆ.”

“ಬೇರೆ ಮೈಗೆ ಅದು ಹಿಡಿಯಲ್ಲ. ನೀವು ಸಹಿ ಹಾಕಿದ್ರೆ ಇವತ್ತೇ ನಾಶ ಮಾಡ್ಬಿಡ್ತೀವಿ.”

ಅಳತೆ ಕೊಟ್ಟವರು ಬಾರದೆ ಉಳಿದ ಬಟ್ಟೆ ದರ್ಜಿಯ ಅಂಗಡಿಯಲ್ಲೂ ಇತ್ತು. ಅವನು ನೆಲ ನೋಡಿದ.

“ಅದಕ್ಕಿನ್ನೂ ಜೀವ ಇದೆಯಾ?” ಮುದುಕ ಕೇಳಿದ.

“ಇದೆ. ಬೆಳಿಗ್ಗೆನೂ ಆಹಾರ ಹಾಕ್ದೆ.”

“ಅವಳು ಹೋದ್ಮೇಲೂನಾ?”

“ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ.”

“ಬೆಚ್ಚಗಿರುತ್ತಾ?”

“ನಮ್ಮ ಮೈಯಷ್ಟೇ ಬಿಸಿಯಲ್ಲಿ ಇಟ್ಟಿರ್ತೀವಿ.”

“ಒಂದ್ಸಲ ಮುಟ್ಲಾ ತಾಯಿ?”

ಲಿಫ್ಟಿನ ಬಾಗಿಲು ತೆರೆಯಿತು.

“ಬನ್ನಿ.”

“ತಾಳಿ, ಕೈ ತೊಳ್ಕೊಂಡ್ಬರ್ತೀನಿ. ನಿಮ್ಮ ಲ್ಯಾಬಿನ ಹೊಸ್ತಿಲಲ್ಲಿ ನಿಂತು ನೋಡೋಕೂ ಮೂರು ಸಲ ತೊಳೆಸ್ತಿದ್ರಿ, ಕೊಳೆ ತಾಗಿದ್ರೆ ಎಲ್ಲಾ ಕೆಟ್ಟುಹೋಗುತ್ತೆ ಅಂತ.”

ಅವಳು ಅವನ ಮೊಣಕೈ ಹಿಡಿದುಕೊಂಡಳು.

“ಇವತ್ತು ಬೇಡ ಯಜಮಾನ್ರೇ. ಹಾಗೇ ಬನ್ನಿ.”

ದರ್ಜಿ ಆ ಲಿಫ್ಟು ಹತ್ತಲಿಲ್ಲ.