ಎಣಿಕೆಗೆ ಸಿಕ್ಕವಳು

ಹೊನ್ನಾವರ ಬಸ್‌ಸ್ಟ್ಯಾಂಡಿನಲ್ಲಿ ಖಾಲಿ ಮೀನುಬುಟ್ಟಿ ಹಿಡಿದು ಕೂತಿದ್ದ ಹೆಂಗಸಿನ ಪಕ್ಕಕ್ಕೆ ಕಾಲೇಜು ಹುಡುಗಿಯೊಬ್ಬಳು ಬಂದು ಕೂತಳು.

“ನಾಗಕ್ಕ, ನಾ ಮಾಡಿದ ಊರಿನ ಆರೋಗ್ಯದ ಡೇಟಾಬೇಸು ಯಾರ ಹೆಸರೂ ತೋರ್ಸೂದಿಲ್ಲ. ಎಷ್ಟು ಜನ ಅಂತ ಮಾತ್ರ ಹೇಳ್ತದೆ.”

“ಹಂಗಾರೆ ನಂಗೆ ಟಿಬಿ ಅಂತ ಊರಿಗೆಲ್ಲ ಹೆಂಗೆ ಗೊತ್ತಾತು, ದೀಕ್ಷಾ?”

“ಮೀನು ಹಿಡೂಕೆ ದೋಣಿಗೆ ಹೋಗೂ ಹೆಂಗಸ್ರಲ್ಲಿ ಎಷ್ಟು ಜನಕ್ಕೆ ಟಿಬಿ ಅಂತ ಯಾರೋ ಅದ್ರಲ್ಲಿ ಕೇಳಿದಾರೆ. ಒಬ್ರಿಗೆ ಅಂತ ಬಂತು.”

“ನಮ್ಮೂರಲ್ಲಿ ದೋಣಿ ಹತ್ತೂ ಹೆಂಗಸು ನಾನೊಬ್ಳೇ ಅಲ್ವನೇ!”

“ಹಿಂಗೂ ಗುಟ್ಟು ಸೋರ್ತದೆ ಅಂತ ನಲವತ್ತು ವರ್ಷದ ಹಿಂದೇ ಸಂಶೋಧನೆ ಮಾಡಿ ಬರ್ದಿದ್ರು. ಪರೀಕ್ಷೆಗೆ ಅದ್ನೇ ಓದಿದ್ದೆ.”

“ಪಾಸಾದ್ಯಾ?”

“ಆದೆ.”

ಕುಮಟಾ ಬಸ್ಸು ಬಂತು. ಹುಡುಗಿ ಬುಟ್ಟಿ ಎತ್ತಿಕೊಡಲು ಕೈ ಹಾಕಿದಳು. ನಾಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಬಿಡು, ನೀ ಹಿಂದಿನ ಸೀಟಿಗೆ ಹೋಗು. ನನ್ನ ಪಕ್ಕ ಕೂತ್ರೆ ನಾಳೆ ಇಬ್ರಿಗೆ ಅಂತಾರೆ.”